ಪಾವಗಡದ ತೆಲುಗಿನಲ್ಲಿ ನಿನ್ನೆಯ ಸುದ್ದಿ ಹೇಳುವ ಬಗೆ

ತುಮಕೂರಿನಿಂದ ಕೊರಟಗೆರೆ, ಮಧುಗಿರಿ ದಾಟಿ ಪಾವಗಡಕ್ಕೆ ಹೋಗುವ ದಾರಿಯಲ್ಲಿ ಜಿಲ್ಲೆ ಒಂದೇ ಆದರೂ ಮನೆಮಾತು ಒಂದೇ ಆಗಿ ಉಳಿಯುವುದಿಲ್ಲ. ಕೊರಟಗೆರೆಯಲ್ಲಿ ಕನ್ನಡವೇ ಕನ್ನಡ. ಮಧುಗಿರಿಯ ಗಡಿ ಹೋಬಳಿಗಳಿಗೆ ಬಂದರೆ ತೆಲುಗು ಬೆರೆಯುತ್ತದೆ. ಪಾವಗಡ ತಾಲ್ಲೂಕಿನೊಳಗೆ ಕಾಲಿಟ್ಟ ಮೇಲೆ ಕಚೇರಿ, ಶಾಲೆಗಳಲ್ಲಿ ಕನ್ನಡವಿದ್ದರೂ ಹೊಲ, ಅಡುಗೆಮನೆ, ಸಂತೆಗಳಲ್ಲಿ ತೆಲುಗು ಕೇಳಿಸುತ್ತದೆ. ನಕ್ಷೆ ನೋಡಿದರೆ ಕಾರಣ ತಿಳಿಯುತ್ತದೆ. ಪಾವಗಡದ ಸುತ್ತ ಬಹುಪಾಲು ಆಂಧ್ರದ ನೆಲವೇ ಇದೆ: ಕಲ್ಯಾಣದುರ್ಗ, ಪೆನುಕೊಂಡ, ಹಿಂದೂಪುರ, ಮಡಕಶಿರಾ. ಶಿರಾದ ಪೂರ್ವಕ್ಕೂ ಮಡಕಶಿರಾ ಸೀಮೆಯೇ. ಅಲ್ಲಿ ಹಲವು ಊರುಗಳ ಮನೆಮಾತು ಕನ್ನಡ. 1956ರ ರಾಜ್ಯ ಪುನರ್ವಿಂಗಡಣೆಯ ಬಳಿಕವೂ ಇಲ್ಲಿನ ಹಳೆಯ ಗಡಿಗೆರೆ ಹಾಗೆಯೇ ನಿಂತಿತು, ಆದರೆ ಮಾತು ಗೆರೆಯ ಎರಡೂ ಕಡೆ ಹರಡಿಕೊಂಡೇ ಉಳಿಯಿತು. ಕೊರಟಗೆರೆ, ಮಧುಗಿರಿಗಳ ನೀರು ಹೊತ್ತ ಜಯಮಂಗಲಿ ಕೂಡ ಆಂಧ್ರದ ಕಡೆ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ.

ಈ ಬರಹ ಕನ್ನಡದ ಮನೆಯಿಂದ ಪಾವಗಡಕ್ಕೆ ಕೆಲಸಕ್ಕೆ ಹೋಗುವವರಿಗಾಗಿ. ಶಾಲಾ ಶಿಕ್ಷಕಿ, ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್, ಬ್ಯಾಂಕಿನ ಗುಮಾಸ್ತ, ಗ್ರಾಮ ಆಡಳಿತಾಧಿಕಾರಿ, ಲೈನ್‌ಮನ್, ಬಸ್ ಕಂಡಕ್ಟರ್ ಇವರಿಗೆಲ್ಲ ತೆಲುಗು ಬೇಕಾಗುತ್ತದೆ. ಪಾವಗಡದವರಿಗೆ ಕನ್ನಡ ಬಾರದೆಂದಲ್ಲ, ಹೆಚ್ಚಿನವರು ಎರಡನ್ನೂ ಸಲೀಸಾಗಿ ಆಡುತ್ತಾರೆ. ಆದರೆ ಅಜ್ಜಿಯೊಬ್ಬಳು ತನ್ನ ಹೊಟ್ಟೆನೋವಿನ ಕತೆಯನ್ನು ಮನೆಮಾತಿನಲ್ಲಿ ಹೇಳಿದಷ್ಟು ವಿವರವಾಗಿ ಇನ್ನೊಂದರಲ್ಲಿ ಹೇಳಲಾರಳು. ಆ ವಿವರ ಬೇಕಾದವರು ಅವಳ ಮಾತಿಗೇ ಹೋಗಬೇಕು.

ತೆಲುಗು ಕಲಿಯಲು ಕೂತವರು ಸಾಮಾನ್ಯವಾಗಿ ವರ್ತಮಾನದಿಂದ ಶುರು ಮಾಡುತ್ತಾರೆ: ವಸ್ತಾನು, ಪೋತಾನು, ಚೇಸ್ತಾನು. ನನ್ನ ಸಲಹೆ ಬೇರೆ. ಭೂತಕಾಲವನ್ನೇ ಮೊದಲು ಹಿಡಿಯಿರಿ. ಜನ ನಿಮ್ಮ ಮೇಜಿನ ಮುಂದೆ ಬಂದು ನಿಂತಾಗ ಹೇಳುವುದು ನಡೆದುಹೋದ ಸಂಗತಿಯನ್ನೇ. ಜ್ವರ ಮೊನ್ನೆ ಬಂತು, ಅರ್ಜಿ ಹೋದ ತಿಂಗಳು ಕೊಟ್ಟೆ, ಟ್ರಾನ್ಸ್‌ಫಾರ್ಮರ್ ರಾತ್ರಿ ಸುಟ್ಟಿತು, ಹುಡುಗ ನಿನ್ನೆ ಶಾಲೆಗೆ ಬರಲಿಲ್ಲ. ಒಂದೇ ಒಂದು ನಿಯಮಬದ್ಧ ಕ್ರಿಯಾಪದದ ಭೂತಕಾಲ ಬಾಯಿಗೆ ಬಂದರೆ ಈ ವ್ಯವಹಾರದ ಅರ್ಧ ಬಾಗಿಲು ತೆರೆಯುತ್ತದೆ. ಉಳಿದರ್ಧಕ್ಕೆ ಬೇಕಾದ ವ್ಯಾಕರಣ ಕನ್ನಡ ಆಡುವವರ ತಲೆಯಲ್ಲಿ ಆಗಲೇ ಇದೆ.

ಮಾದರಿಗೆ ‘ಮಾಟ್ಲಾಡು’ ಎಂಬುದನ್ನು ತೆಗೆದುಕೊಳ್ಳೋಣ. ನಮ್ಮ ‘ಮಾತಾಡು’ವಿನ ಒಡಹುಟ್ಟು. ಧಾತುವಿನ ಕೊನೆಯ ‘ಉ’ ಬಿಟ್ಟು ‘ಆ’ ಸೇರಿಸಿ, ಅದರ ಬೆನ್ನಿಗೆ ಯಾರು ಎಂಬುದನ್ನು ಹೇಳುವ ಪ್ರತ್ಯಯ ಇಟ್ಟರೆ ಮುಗಿಯಿತು:

ನೇನು ಮಾಟ್ಲಾಡಾನು – ನಾನು ಮಾತಾಡಿದೆ
ನುವ್ವು ಮಾಟ್ಲಾಡಾವು – ನೀನು ಮಾತಾಡಿದೆ
ವಾಡು ಮಾಟ್ಲಾಡಾಡು – ಅವನು ಮಾತಾಡಿದ
ಆಮೆ ಮಾಟ್ಲಾಡಿಂದಿ – ಅವಳು ಮಾತಾಡಿದಳು
ಅದಿ ಮಾಟ್ಲಾಡಿಂದಿ – ಅದು ಮಾತಾಡಿತು
ಮೇಮು ಮಾಟ್ಲಾಡಾಮು – ನಾವು ಮಾತಾಡಿದೆವು
ಮೀರು ಮಾಟ್ಲಾಡಾರು – ನೀವು ಮಾತಾಡಿದಿರಿ
ವಾಳ್ಳು ಮಾಟ್ಲಾಡಾರು – ಅವರು ಮಾತಾಡಿದರು
ಅವಿ ಮಾಟ್ಲಾಡಾಯಿ – ಅವು ಮಾತಾಡಿದವು

ಇದನ್ನು ಉರು ಹೊಡೆಯುವ ಮುನ್ನ ಒಮ್ಮೆ ಗಟ್ಟಿಯಾಗಿ ಓದಿ. ಸರ್ವನಾಮದ ಬಾಲವೇ ಕ್ರಿಯಾಪದದ ಬಾಲವಾಗಿ ಬಂದಿದೆ. ನೇನು–ಆನು, ನುವ್ವು–ಆವು, ವಾಡು–ಆಡು, ಮೇಮು–ಆಮು, ಮೀರು–ಆರು. ಅವನು ಬಂದನು, ಅವಳು ಬಂದಳು, ಅವರು ಬಂದರು, ಅವು ಬಂದವು ಎನ್ನುವಾಗ ಕನ್ನಡದಲ್ಲಿ ನಡೆಯುವುದೂ ಇದೇ. ಹೀಗಾಗಿ ಪಟ್ಟಿಯಲ್ಲಿ ಬೇರೆಯಾಗಿ ನೆನಪಿಡಬೇಕಾದದ್ದು ‘ಇಂದಿ’ ಮತ್ತು ‘ಆಯಿ’ ಎರಡನ್ನು ಮಾತ್ರ. ಒಂದು ಕಡೆ ತೆಲುಗೇ ನಮಗಿಂತ ಸ್ಪಷ್ಟ. ಆಡುಮಾತಿನಲ್ಲಿ ನಾವು ‘ನಾನು ಮಾತಾಡಿದೆ’, ‘ನೀನು ಮಾತಾಡಿದೆ’ ಎಂದು ಎರಡಕ್ಕೂ ಒಂದೇ ರೂಪ ಬಳಸುತ್ತೇವೆ. ತೆಲುಗಿನಲ್ಲಿ ಮಾಟ್ಲಾಡಾನು ಎಂದರೆ ನಾನೇ, ಮಾಟ್ಲಾಡಾವು ಎಂದರೆ ನೀನೇ. ಸರ್ವನಾಮವನ್ನು ಬಿಟ್ಟರೂ ಅರ್ಥ ಕೆಡುವುದಿಲ್ಲ, ಮಾತಿನಲ್ಲಿ ಹೆಚ್ಚಾಗಿ ಬಿಡುತ್ತಾರೆ ಕೂಡ.

ಈ ಏರ್ಪಾಡು ದ್ರಾವಿಡ ನುಡಿಗಳಲ್ಲಷ್ಟೇ ಇಲ್ಲ. ಬೆಂಗಳೂರಿನಲ್ಲಿ ಸ್ಪ್ಯಾನಿಷ್ ಕಲಿಯುವ ಹುಡುಗರೂ ‘ಮಾತಾಡು’ ಎಂಬರ್ಥದ ‘ಅಬ್ಲಾರ್’ ಹಿಡಿದೇ ಭೂತಕಾಲ ಅಭ್ಯಾಸ ಮಾಡುತ್ತಾರೆ: ಅಬ್ಲೇ ಎಂದರೆ ನಾನು ಮಾತಾಡಿದೆ, ಅಬ್ಲಾಸ್ತೆ ನೀನು ಮಾತಾಡಿದೆ, ಅಬ್ಲೋ ಅವನು ಅಥವಾ ಅವಳು, ಅಬ್ಲಾಮೋಸ್ ನಾವು, ಅಬ್ಲಾರೋನ್ ಅವರು. ಅಲ್ಲಿಯೂ ಸರ್ವನಾಮ ಬೇಕೆಂದಿಲ್ಲ, ಕ್ರಿಯಾಪದವೇ ಆಳು ಯಾರೆಂದು ಹೇಳುತ್ತದೆ. ಇಂಗ್ಲಿಷ್ ಮಾತ್ರ ಬಲ್ಲವರಿಗೆ ಇದು ಹೊಸ ಪಾಠ. ಕನ್ನಡಿಗರಿಗೆ ಮನೆಯ ಪಾಠ. ಸ್ಪ್ಯಾನಿಷ್ ಕಲಿಯಲು ತಿಂಗಳುಗಟ್ಟಲೆ ಬೇಕಾಗಬಹುದು, ಏಕೆಂದರೆ ಪದಗಳೆಲ್ಲ ಅಪರಿಚಿತ. ತೆಲುಗಿನಲ್ಲಿ ಆ ಹೊರೆಯೂ ಕಡಿಮೆ.

ಈಗ ಪುಸ್ತಕದಲ್ಲಿ ಸಿಗದ ಒಂದು ಸಂಗತಿ. ಮಾಟ್ಲಾಡಾನು, ಚೇಶಾನು ಎಂಬುವು ಪತ್ರಿಕೆಯ ಮತ್ತು ಕರಾವಳಿ ಆಂಧ್ರದ ರೂಪಗಳು. ಪಾವಗಡದ ಸುತ್ತಲಿರುವುದು ರಾಯಲಸೀಮೆ. ಆ ಕಡೆಯ ಮಾತಿನಲ್ಲಿ ಮಾಟ್ಲಾಡಿನಾನು, ಚೇಸಿನಾನು, ವಚ್ಚಿನಾಡು, ಚೆಪ್ಪಿನಾರು ಎಂಬ ರೂಪಗಳು ಧಾರಾಳವಾಗಿ ಕೇಳಿಸುತ್ತವೆ. ಅವಸರದಲ್ಲಿ ಕೊನೆಯ ಅಕ್ಷರ ಉದುರಿ ‘ಚೇಸಿನಾ’ ಎಂದಷ್ಟೇ ಉಳಿಯುವುದೂ ಉಂಟು. ಕನ್ನಡಿಗರಿಗೆ ಈ ರೂಪ ಇನ್ನೂ ಸುಲಭ. ಮಾತಾಡಿ-ದ-ನು, ಮಾಟ್ಲಾಡಿ-ನಾ-ಡು ಎಂದು ಬಿಡಿಸಿ ನೋಡಿ. ನಮ್ಮ ‘ದ’ ಕೂತ ಜಾಗದಲ್ಲಿ ಅವರ ‘ನಾ’ ಕೂತಿದೆ, ಮಿಕ್ಕದ್ದೆಲ್ಲ ಒಂದೇ ಕಟ್ಟು. ಯಾವುದನ್ನು ಕಲಿಯಬೇಕು? ಪತ್ರಿಕೆಯ ರೂಪವನ್ನು ಆಡಲು ಕಲಿಯಿರಿ, ಊರಿನ ರೂಪವನ್ನು ಕೇಳಿ ಅರ್ಥ ಮಾಡಿಕೊಳ್ಳಲು ಕಲಿಯಿರಿ. ಕೆಲವು ತಿಂಗಳಾದ ಮೇಲೆ ಬಾಯಿ ತಾನಾಗಿಯೇ ಊರಿನ ಕಡೆ ವಾಲುತ್ತದೆ, ವಾಲಲಿ. ‘ಚೇಸಿನಾಡು’ ತಪ್ಪು, ‘ಚೇಶಾಡು’ ಸರಿ ಎಂದು ತಿದ್ದುವ ಹಕ್ಕು ಕಲಿಯುವವರಿಗೆ ಇಲ್ಲ.

ಉಚ್ಚಾರದ ಬಗ್ಗೆ ಒಂದು ಮಾತು. ಚೇಶಾನು, ವಚ್ಚಾನು ಎಂಬಲ್ಲಿನ ‘ಆ’ ಹಲವರ ಬಾಯಲ್ಲಿ ‘ಬ್ಯಾಂಕು’ ಎನ್ನುವಾಗಿನ ಸ್ವರದಂತೆ ಇರುತ್ತದೆ. ಕನ್ನಡ ಲಿಪಿಯಲ್ಲಿ ಬರೆದು ಓದಿಕೊಂಡು ಹೋದವರಿಗೆ ಇದು ಹೊಳೆಯುವುದಿಲ್ಲ, ಕಿವಿಯಿಂದಲೇ ಹಿಡಿಯಬೇಕು. ಹಾಗೆಯೇ ಚೂಶಾನು, ಚದಿವಾನು ಎಂಬಲ್ಲಿನ ಚಕಾರ ‘ತ್ಸ’ದ ಕಡೆ ಜಾರುತ್ತದೆ, ಚೆಪ್ಪಾನು, ಚೇಶಾನುಗಳಲ್ಲಿ ನಮ್ಮ ಚಕಾರವೇ.

ಮಾಟ್ಲಾಡು ಕೈವಶವಾದರೆ ಅದೇ ಅಚ್ಚಿನಲ್ಲಿ ಎಷ್ಟೋ ಕ್ರಿಯಾಪದಗಳು ಬೀಳುತ್ತವೆ. ಚೆಪ್ಪು ಎಂದರೆ ಹೇಳು: ಚೆಪ್ಪಾನು, ಚೆಪ್ಪಾಡು, ಚೆಪ್ಪಿಂದಿ. ಎಕ್ಕು ಎಂದರೆ ಹತ್ತು, ದಿಗು ಎಂದರೆ ಇಳಿ. ಬಸ್ ಎಕ್ಕಾನು, ಪಾವಗಡಲೋ ದಿಗಾನು. ಅಮ್ಮು ಎಂದರೆ ಮಾರು: ಶೆನಕ್ಕಾಯಲು ಅಮ್ಮಾಮು, ಕಡಲೆಕಾಯಿ ಮಾರಿದೆವು. ಕಟ್ಟು ನಮ್ಮದೇ ಪದ, ಮನೆ ಕಟ್ಟಲಿಕ್ಕೂ ಸೈ, ದುಡ್ಡು ಕಟ್ಟಲಿಕ್ಕೂ ಸೈ: ದುಡ್ಡು ಕಟ್ಟಾರಾ? ಧಾತುವಿನ ಮಧ್ಯದಲ್ಲಿ ಹ್ರಸ್ವ ‘ಉ’ ಇದ್ದರೆ ಭೂತಕಾಲದಲ್ಲಿ ಅದು ‘ಇ’ ಆಗುತ್ತದೆ. ಅಡುಗು (ಕೇಳು) ಅಡಿಗಾನು ಆಗುತ್ತದೆ, ಕಡುಗು (ತೊಳೆ) ಕಡಿಗಾನು ಆಗುತ್ತದೆ, ತಿರುಗು ತಿರಿಗಾನು ಆಗುತ್ತದೆ.

ಎರಡನೆಯ ಗುಂಪು ‘ಯು’ ಎಂದು ಮುಗಿಯುವವು. ಚೇಯು (ಮಾಡು), ರಾಯು (ಬರೆ), ಕೋಯು (ಕೊಯ್ಯಿ), ವೇಯು (ಹಾಕು), ಮೂಯು (ಮುಚ್ಚು). ಇವುಗಳ ಯಕಾರ ಭೂತಕಾಲದಲ್ಲಿ ಶಕಾರವಾಗುತ್ತದೆ: ಚೇಶಾನು, ರಾಶಾನು, ಕೋಶಾನು, ವೇಶಾನು, ಮೂಶಾನು. ‘ಇಂದಿ’ಯ ಮುಂದೆ ಮಾತ್ರ ಸಕಾರ: ಚೇಸಿಂದಿ, ರಾಸಿಂದಿ. ನೋಡು ಎಂಬರ್ಥದ ಚೂಚು ಕೂಡ ಇದೇ ದಾರಿ ಹಿಡಿದು ಚೂಶಾನು, ಚೂಸಿಂದಿ ಆಗುತ್ತದೆ.

ಮೂರನೆಯದು ಕನ್ನಡಿಗರಿಗೆ ಸಿಕ್ಕ ದೊಡ್ಡ ಗಂಟು. ನಾವು ‘ಇಸು’ ಹಚ್ಚುವ ಕಡೆ ತೆಲುಗರು ‘ಇಂಚು’ ಹಚ್ಚುತ್ತಾರೆ. ಆಲೋಚಿಸಿದೆ ಎಂಬುದು ಆಲೋಚಿಂಚಾನು, ಪ್ರಯತ್ನಿಸಿದೆ ಎಂಬುದು ಪ್ರಯತ್ನಿಂಚಾನು, ಪರೀಕ್ಷಿಸಿದರು ಎಂಬುದು ಪರೀಕ್ಷಿಂಚಾರು, ಪ್ರಾರಂಭಿಸಿದೆವು ಎಂಬುದು ಪ್ರಾರಂಭಿಂಚಾಮು. ಇನ್ನೊಬ್ಬರಿಂದ ಮಾಡಿಸುವ ಅರ್ಥದಲ್ಲೂ ಹೀಗೆಯೇ: ಬೋರ್ ಹಾಕಿಸಿದೆ ಎನ್ನಲು ಬೋರು ವೇಯಿಂಚಾನು. ಸಂಸ್ಕೃತದಿಂದ ಬಂದ ಎಷ್ಟು ಕ್ರಿಯಾಪದಗಳು ಕನ್ನಡದಲ್ಲಿ ನಿಮಗೆ ಗೊತ್ತೋ ಅವುಗಳಲ್ಲಿ ಬಹುಪಾಲು ಈ ಒಂದು ಬದಲಾವಣೆಯಿಂದ ತೆಲುಗಿಗೆ ದಾಟುತ್ತವೆ.

ಇನ್ನೊಂದು ಕೀಲಿ ಪಕಾರ. ಹಳಗನ್ನಡದ ಮೊದಲಕ್ಷರದ ಪಕಾರ ನಡುಗನ್ನಡದ ಹೊತ್ತಿಗೆ ಹಕಾರವಾಯಿತು. ತೆಲುಗಿನಲ್ಲಿ ಅದು ಇಂದಿಗೂ ಪಕಾರವಾಗಿಯೇ ನಿಂತಿದೆ. ಹಾಡಿದಳು ಎಂಬುದು ಪಾಡಿಂದಿ, ಹುಟ್ಟಿತು ಎಂಬುದು ಪುಟ್ಟಿಂದಿ, ಹಂಚಿದರು ಎಂಬುದು ಪಂಚಾರು, ಹೋದ ಎಂಬುದು ಪೋಯಾಡು. ಗೊತ್ತಿಲ್ಲದ ತೆಲುಗು ಕ್ರಿಯಾಪದ ಪಕಾರದಿಂದ ಶುರುವಾದರೆ ಅಲ್ಲಿ ಹಕಾರ ಹಾಕಿ ನೋಡಿ. ಎಲ್ಲ ಸಲವೂ ಫಲಿಸದು, ಫಲಿಸಿದಾಗ ಒಂದು ಪದ ಪುಕ್ಕಟೆ ಬಂದಂತೆ.

ನಿಯಮ ಮೀರುವವು ಪ್ರತಿ ಭಾಷೆಯಲ್ಲೂ ದಿನಬಳಕೆಯ ಪದಗಳೇ. ಕನ್ನಡದಲ್ಲಿ ಬರು–ಬಂದ, ತರು–ತಂದ, ಕೊಡು–ಕೊಟ್ಟ, ಬೀಳು–ಬಿದ್ದ ಇದ್ದ ಹಾಗೆ ತೆಲುಗಿನಲ್ಲಿ ವಚ್ಚಾನು (ಬಂದೆ), ತೆಚ್ಚಾನು (ತಂದೆ), ಇಚ್ಚಾನು (ಕೊಟ್ಟೆ), ಪೋಯಾನು (ಹೋದೆ), ತಿನ್ನಾನು (ತಿಂದೆ), ವಿನ್ನಾನು (ಕೇಳಿಸಿಕೊಂಡೆ), ಅನ್ನಾನು (ಅಂದೆ), ಕೊನ್ನಾನು (ಕೊಂಡೆ), ಪಡ್ಡಾನು (ಬಿದ್ದೆ), ಅಯಿಂದಿ (ಆಯಿತು). ಇವನ್ನು ನಿಯಮ ಹುಡುಕದೆ ಬಾಯಿಪಾಠ ಮಾಡುವುದೇ ಸರಿ. ಪಡ್ಡಾನು ಎಂಬುದಕ್ಕೆ ಹೆಣ್ಣು ಮತ್ತು ನಪುಂಸಕ ರೂಪ ಪಡಿಂದಿ. ವಾನ ಪಡಿಂದಿ ಎಂದರೆ ಮಳೆ ಬಿತ್ತು, ವಾನಲು ಪಡ್ಡಾಯಿ ಎಂದರೆ ಮಳೆಗಳು ಬಿದ್ದವು. ಬೋರ್ ಕೊರೆಸಿದಾಗ ನಾವು ‘ನೀರು ಬಿತ್ತು’ ಎನ್ನುತ್ತೇವಲ್ಲ, ತೆಲುಗಿನಲ್ಲೂ ನೀಳ್ಳು ಪಡ್ಡಾಯಿ ಎಂದೇ ಹೇಳುತ್ತಾರೆ. ನೀರು ಅಲ್ಲಿ ಬಹುವಚನ, ಅದನ್ನು ಮರೆಯಬಾರದು.

ಇಲ್ಲಿಯೇ ಒಂದು ಕಡೆ ಎಚ್ಚರಿಕೆ ಬೇಕು. ಕನ್ನಡದ ಕಿವಿಗೆ ‘ಕೊಟ್ಟಾನು’ ಎಂಬುದು ಕೊಟ್ಟೆ ಎಂದು ಕೇಳಿಸುತ್ತದೆ. ತೆಲುಗಿನಲ್ಲಿ ಅದರ ಅರ್ಥ ಹೊಡೆದೆ. ದುಡ್ಡು ಕೊಟ್ಟೆ ಎನ್ನಲು ದುಡ್ಡು ಇಚ್ಚಾನು ಎನ್ನಬೇಕು. ‘ಆ ಹುಡುಗನಿಗೆ ನಾನೇ ಕೊಟ್ಟೆ’ ಎಂದು ಹೇಳಹೊರಟ ಶಿಕ್ಷಕಿ ‘ಕೊಟ್ಟಾನು’ ಎಂದರೆ ಪೋಷಕರು ಗಾಬರಿಯಾಗುತ್ತಾರೆ. ತಾಗಾನು ಎಂದರೆ ಕುಡಿದೆ, ತಾಗಿದೆ ಅಲ್ಲ. ಕೊನ್ನಾನು ಎಂದರೆ ಕೊಂಡುಕೊಂಡೆ, ಅದರಲ್ಲಿ ಕೊಲೆಯ ಮಾತೇ ಇಲ್ಲ. ನಿನ್ನ ಎಂದರೆ ನಿನ್ನೆ, ಮೊನ್ನ ಎಂದರೆ ಮೊನ್ನೆ.

ಇಂದಿ ಎಂಬ ಪ್ರತ್ಯಯದ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ಪಾವಗಡದ ಶಾಲೆಗಳಲ್ಲಿ ಕೆಲಸ ಮಾಡುವವರಿಗೆ ಇದೇ ಎಲ್ಲಕ್ಕಿಂತ ಮುಖ್ಯ. ಏಕವಚನದಲ್ಲಿ ತೆಲುಗು ಕ್ರಿಯಾಪದ ಗಂಡಸನ್ನು ಒಂದು ಕಡೆ ಇಟ್ಟು, ಹೆಂಗಸು, ಪ್ರಾಣಿ, ವಸ್ತುಗಳನ್ನೆಲ್ಲ ಇನ್ನೊಂದು ಕಡೆ ಇಡುತ್ತದೆ. ಅಮ್ಮ ವಚ್ಚಿಂದಿ, ಆವು ವಚ್ಚಿಂದಿ, ಬಸ್ ವಚ್ಚಿಂದಿ. ಅಮ್ಮ, ಹಸು, ಬಸ್ಸು ಮೂರಕ್ಕೂ ಒಂದೇ ರೂಪ. ಬಹುವಚನಕ್ಕೆ ಹೋದರೆ ಏರ್ಪಾಡು ಬದಲಾಗಿ ಹೆಂಗಸರು ಗಂಡಸರ ಜೊತೆ ಸೇರುತ್ತಾರೆ: ವಾಳ್ಳು ವಚ್ಚಾರು, ಆವುಲು ವಚ್ಚಾಯಿ. ಇದು ಇಂದು ನಿನ್ನೆಯದಲ್ಲ. ಕನ್ನಡ ದಕ್ಷಿಣ ದ್ರಾವಿಡ ಶಾಖೆಗೆ, ತೆಲುಗು ದಕ್ಷಿಣ-ಮಧ್ಯ ಶಾಖೆಗೆ ಸೇರಿದವು. ಲಿಂಗದ ಈ ಹಂಚಿಕೆ ಆ ಎರಡು ಶಾಖೆಗಳ ನಡುವಿನ ಮುಖ್ಯ ವ್ಯತ್ಯಾಸಗಳಲ್ಲಿ ಒಂದು. 1856ರಲ್ಲಿ ರಾಬರ್ಟ್ ಕಾಲ್ಡ್‌ವೆಲ್ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಪ್ರಕಟಿಸಿದ ಕಾಲದಿಂದ ವಿದ್ವಾಂಸರು ಇದನ್ನು ಚರ್ಚಿಸುತ್ತಲೇ ಬಂದಿದ್ದಾರೆ.

ಶಾಲೆಗೆ ಇದರಿಂದ ಏನು ಬಂತು? ತೆಲುಗು ಮನೆಯ ಮಗು ಕನ್ನಡ ತರಗತಿಯಲ್ಲಿ ‘ಮಿಸ್, ನಮ್ಮ ಅಮ್ಮ ಬಂತು’ ಎನ್ನುತ್ತದೆ. ‘ಅಕ್ಕ ಹೇಳಿತು’ ಎಂದು ಬರೆಯುತ್ತದೆ. ಅದನ್ನು ಕೇಳಿ ತರಗತಿ ನಗುತ್ತದೆ, ಕೆಲವೊಮ್ಮೆ ಮೇಷ್ಟ್ರೂ ಬೈಯುತ್ತಾರೆ. ಇದು ನನಗೆ ನೋವು ತರುವ ಸಂಗತಿ. ಆ ಮಗು ತಾಯಿಗೆ ಅಗೌರವ ತೋರಿಲ್ಲ, ತನ್ನ ಮನೆಮಾತಿನ ನಿಯಮವನ್ನು ಶ್ರದ್ಧೆಯಿಂದ ಪಾಲಿಸಿದೆ. ತೆಲುಗಿನ ಭೂತಕಾಲ ಬಲ್ಲ ಶಿಕ್ಷಕಿ ಇದನ್ನು ಕ್ಷಣದಲ್ಲಿ ಗುರುತಿಸುತ್ತಾಳೆ. ‘ವಚ್ಚಿಂದಿ ಅನ್ನೋ ಕಡೆ ಕನ್ನಡದಲ್ಲಿ ಎರಡು ಮಾತಿದೆ, ಪುಟ್ಟಾ. ಅಮ್ಮ, ಅಕ್ಕ, ಅಜ್ಜಿ ಆದರೆ ಬಂದಳು ಅಥವಾ ಬಂದರು. ಹಸು, ಬಸ್ಸು, ಮಳೆ ಆದರೆ ಬಂತು’ ಎಂದು ಎರಡು ಸಾಲಿನಲ್ಲಿ ಹೇಳಿದರೆ ಮುಗಿಯಿತು. ಹತ್ತು ಸಲ ತಪ್ಪು ಗೀಟು ಹಾಕಿದರೂ ಕಲಿಯದ್ದನ್ನು ಮಗು ಈ ಒಂದು ಹೋಲಿಕೆಯಿಂದ ಕಲಿಯುತ್ತದೆ. ಕಪ್ಪುಹಲಗೆಯ ಒಂದು ಬದಿಗೆ ವಚ್ಚಾಡು, ವಚ್ಚಿಂದಿ, ವಚ್ಚಾರು, ವಚ್ಚಾಯಿ ಬರೆದು, ಇನ್ನೊಂದು ಬದಿಗೆ ಬಂದನು, ಬಂದಳು, ಬಂತು, ಬಂದರು, ಬಂದವು ಬರೆದು, ಮಕ್ಕಳಿಂದಲೇ ಗೆರೆ ಎಳೆಸಿ. ಒಂದರಿಂದ ಎರಡು ಗೆರೆ ಹೊರಡುವ ಜಾಗ ಅವರಿಗೇ ಕಾಣುತ್ತದೆ.

ನಮಗೂ ಅದೇ ಪಾಠ ತಿರುಗಿ ಅನ್ವಯಿಸುತ್ತದೆ. ತೆಲುಗಿನವರು ‘ಮಾ ಅಮ್ಮ ಚೆಪ್ಪಿಂದಿ’ ಎಂದಾಗ ಕನ್ನಡದ ಕಿವಿಗೆ ಒರಟೆನಿಸಬಹುದು. ಅಲ್ಲಿ ಒರಟುತನ ಇಲ್ಲ. ಗೌರವ ತೋರಬೇಕಾದ ಹೆಂಗಸಿಗೆ ಬಹುವಚನ ಬಳಸುವ ಪದ್ಧತಿ ಅವರಲ್ಲೂ ಇದೆ: ಟೀಚರ್‌ಗಾರು ಚೆಪ್ಪಾರು, ಡಾಕ್ಟರಮ್ಮಗಾರು ವಚ್ಚಾರು. ಹೊಸಬರು ದೊಡ್ಡವರ ವಿಷಯಕ್ಕೆ ಗಂಡಾಗಲಿ ಹೆಣ್ಣಾಗಲಿ ‘ಆರು’ ಎಂದೇ ಮುಗಿಸಲಿ, ಎದುರಿಗಿದ್ದವರನ್ನು ‘ಮೀರು’ ಎನ್ನಲಿ. ಚೇಶಾಡು, ಚೇಶಾವುಗಳು ಮಕ್ಕಳಿಗೆ, ಗೆಳೆಯರಿಗೆ ಮೀಸಲು.

‘ನಾವು’ ಎಂಬುದಕ್ಕೆ ತೆಲುಗಿನಲ್ಲಿ ಎರಡು ಸರ್ವನಾಮಗಳಿವೆ. ಎದುರಿಗಿದ್ದವರನ್ನು ಬಿಟ್ಟು ನಾವು ಎಂದರೆ ಮೇಮು, ಅವರನ್ನೂ ಸೇರಿಸಿಕೊಂಡರೆ ಮನಮು. ಕ್ರಿಯಾಪದ ಎರಡಕ್ಕೂ ಒಂದೇ, ಚೇಶಾಮು. ಊರಿನವರ ಜೊತೆ ಸೇರಿ ಮಾಡಿದ ಕೆಲಸಕ್ಕೆ ಮನಮು ಎನ್ನಿ.

ಇನ್ನು ನಿಷೇಧ. ಇಲ್ಲಿ ಎರಡು ಭಾಷೆಗಳೂ ಒಂದೇ ರೀತಿ ನಡೆದುಕೊಳ್ಳುತ್ತವೆ. ಮಾತಾಡಲಿಲ್ಲ ಎಂಬುದು ಕನ್ನಡದಲ್ಲಿ ನಾನು, ನೀನು, ಅವನು, ಅವರು ಯಾರಿಗಾದರೂ ಬದಲಾಗುವುದಿಲ್ಲ. ತೆಲುಗಿನ ಮಾಟ್ಲಾಡಲೇದು ಕೂಡ ಬದಲಾಗುವುದಿಲ್ಲ. ಚೆಪ್ಪಲೇದು, ಚೇಯಲೇದು, ಅಡಗಲೇದು, ಚೂಡಲೇದು, ತಿನಲೇದು, ಇವ್ವಲೇದು, ರಾಲೇದು, ಪೋಲೇದು. ಒಂಬತ್ತು ರೂಪಗಳ ಪಟ್ಟಿ ಇನ್ನೂ ಬಾಯಿಗೆ ಬಾರದವರು ‘ಲೇದು’ವಿನಿಂದಲೇ ಮಾತು ಆರಂಭಿಸಬಹುದು, ಆಳು ತಪ್ಪುವ ಭಯವೇ ಇಲ್ಲ. ಒಂದು ಅಪಾಯ ಮಾತ್ರ ಉಂಟು. ನೇನು ರಾಲೇದು ಎಂದರೆ ನಾನು ಬರಲಿಲ್ಲ. ನೇನು ರಾಲೇನು ಎಂದರೆ ನಾನು ಬರಲಾರೆ. ದು, ನು ಅಷ್ಟೇ ವ್ಯತ್ಯಾಸ, ಅರ್ಥ ಮಾತ್ರ ನಿನ್ನೆಯಿಂದ ನಾಳೆಗೆ ಹಾರುತ್ತದೆ. ಆಮೆ ರಾಲೇದು ಎಂಬುದಕ್ಕಂತೂ ಅವಳು ಬರಲಿಲ್ಲ, ಅವಳು ಬರಲಾರಳು ಎಂಬ ಎರಡೂ ಅರ್ಥ ಹೊರಡುತ್ತವೆ. ಆಗ ನಿನ್ನ, ರೇಪು ಎಂಬ ಕಾಲಸೂಚಕ ಪದವನ್ನು ಕೇಳಿಕೊಂಡು ನಿರ್ಧರಿಸಬೇಕು.

ಪ್ರಶ್ನೆ ಕೇಳುವುದು ಇನ್ನೂ ಸುಲಭ. ಬಂದಿರಿ ಎಂಬುದಕ್ಕೆ ‘ಆ’ ಸೇರಿಸಿ ಬಂದಿರಾ ಎಂದ ಹಾಗೆ ವಚ್ಚಾರು ವಚ್ಚಾರಾ ಆಗುತ್ತದೆ. ಆರೋಗ್ಯ ಕೇಂದ್ರದಲ್ಲಿ ಬೇಕಾಗುವ ಪ್ರಶ್ನೆಗಳನ್ನು ಇಷ್ಟರಿಂದಲೇ ಕಟ್ಟಬಹುದು. ಎಪ್ಪುಡು ಜ್ವರಂ ವಚ್ಚಿಂದಿ? ಜ್ವರ ಯಾವಾಗ ಬಂತು? ರಾತ್ರಿ ಏಮಿ ತಿನ್ನಾರು? ರಾತ್ರಿ ಏನು ತಿಂದಿರಿ? ವಾಂತುಲು ಅಯ್ಯಾಯಾ? ವಾಂತಿ ಆಯಿತೇ? ಮಾತ್ರಲು ವೇಸುಕುನ್ನಾರಾ? ಮಾತ್ರೆ ತೆಗೆದುಕೊಂಡಿರಾ? ಕಚೇರಿಯಲ್ಲಿ: ಅರ್ಜಿ ಎಪ್ಪುಡು ಇಚ್ಚಾರು? ಎವರು ಚೆಪ್ಪಾರು? ಶಾಲೆಯಲ್ಲಿ: ನಿನ್ನ ಎಂದುಕು ರಾಲೇದು? ನಿನ್ನೆ ಯಾಕೆ ಬರಲಿಲ್ಲ? ಪಾಠಂ ರಾಶಾವಾ? ಪಾಠ ಬರೆದೆಯಾ?

ಮೇಲಿನ ‘ವೇಸುಕುನ್ನಾರಾ’ದಲ್ಲಿ ನಮ್ಮ ‘ಕೊಂಡೆ’ ಅಡಗಿದೆ. ತೆಗೆದುಕೊಂಡೆ ಎಂಬುದು ತೀಸುಕುನ್ನಾನು, ಕಲಿತುಕೊಂಡೆ ಎಂಬುದು ನೇರ್ಚುಕುನ್ನಾನು. ‘ಹೋಯಿತು’ ಸೇರಿಸುವ ಬಗೆಯೂ ಹಾಗೆಯೇ: ಒಣಗಿಹೋಯಿತು ಎಂಬುದು ಎಂಡಿಪೋಯಿಂ­ದಿ, ಮರೆತುಹೋದೆ ಎಂಬುದು ಮರ್ಚಿಪೋಯಾನು, ಆಗಿಹೋಯಿತು ಎಂಬುದು ಅಯಿಪೋಯಿಂದಿ. ‘ನಾಳೆ ಬರ್ತೀನಿ ಅಂತ ಹೇಳಿದ’ ಎಂಬುದನ್ನು ಪದಕ್ಕೆ ಪದ ಇಟ್ಟರೆ ‘ರೇಪು ವಸ್ತಾನು ಅನಿ ಚೆಪ್ಪಾಡು’. ಹೋದ ವಾರ ಎಂಬುದು ಪೋಯಿನ ವಾರಂ, ನಿನ್ನೆ ಬಂದ ಹುಡುಗ ಎಂಬುದು ನಿನ್ನ ವಚ್ಚಿನ ಪಿಲ್ಲವಾಡು.

ಕತೆ ಹೇಳಲು ಇನ್ನೊಂದು ಅನುಕೂಲವಿದೆ. ಕನ್ನಡದ ಹಾಗೆ ತೆಲುಗಿನಲ್ಲೂ ಸರಪಣಿಯ ಕೊನೆಯ ಕ್ರಿಯಾಪದಕ್ಕೆ ಮಾತ್ರ ಆಳಿನ ಗುರುತು ಬೇಕು. ಹೋಗಿ, ಮಾರಿ, ತಿಂದು ಎಂಬುವು ಪೋಯಿ, ಅಮ್ಮಿ, ತಿನಿ ಆಗುತ್ತವೆ. ಮಡಕಶಿರಾಕಿ ಪೋಯಿ, ಶೆನಕ್ಕಾಯಲು ಅಮ್ಮಿ, ಅನ್ನಂ ತಿನಿ, ಇಂಟಿಕಿ ವಚ್ಚಾನು. ಇಡೀ ದಿನದ ಕತೆಗೆ ಒಂದು ‘ಆನು’ ಸಾಕು.

ಈಗ ತಿರುಮಣಿ ಕಡೆಯ ರೈತರೊಬ್ಬರು ಹೇಳಬಹುದಾದ ನಾಲ್ಕು ಮಾತು ಓದಿ ನೋಡಿ. ಅಲ್ಲಿನ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ಎದ್ದು ನಿಂತಿದೆ. ಜಮೀನು ರೈತರದೇ, ಕೊಟ್ಟದ್ದು ಗುತ್ತಿಗೆಗೆ. ‘ಮೇಮು ಶೆನಕ್ಕಾಯಲು ವೇಶಾಮು. ವಾನಲು ಪಡಲೇದು. ಬೋರು ವೇಯಿಂಚಾನು, ನೀಳ್ಳು ಪಡಲೇದು. ಭೂಮಿನಿ ಸೋಲಾರ್‌ಕಿ ಇಚ್ಚಾಮು.’ ಕಡಲೆಕಾಯಿ ಹಾಕಿದೆವು, ಮಳೆ ಬೀಳಲಿಲ್ಲ, ಬೋರ್ ಹಾಕಿಸಿದೆ, ನೀರು ಬೀಳಲಿಲ್ಲ, ಭೂಮಿಯನ್ನು ಸೋಲಾರ್‌ಗೆ ಕೊಟ್ಟೆವು. ಇಷ್ಟು ಹೊತ್ತು ಓದಿದವರಿಗೆ ಇದರಲ್ಲಿ ಒಂದು ಪದವೂ ತೊಡಕಾಗದು. ಒಂದು ತಾಲ್ಲೂಕಿನ ಬದುಕಿನ ದೊಡ್ಡ ತಿರುವನ್ನು ಅಲ್ಲಿನವರ ಮಾತಿನಲ್ಲೇ ಕೇಳುವ ಅರ್ಹತೆ ಬರುವುದು ಹೀಗೆ.

ಅಭ್ಯಾಸಕ್ಕೆ ನನಗೆ ಹಿಡಿಸಿದ ಕ್ರಮ ಇದು. ಮೊದಲ ವಾರ ಮಾಟ್ಲಾಡು ಒಂದನ್ನೇ ಆಡುತ್ತಿರಿ, ಯಾರ ಜೊತೆ ಮಾತಾಡಿದಿರಿ, ಯಾರು ಮಾತಾಡಲಿಲ್ಲ ಎಂದು. ಆಮೇಲೆ ಚೆಪ್ಪು, ಅಡುಗು, ಚೇಯು ಸೇರಿಸಿ, ಅದರ ನಂತರ ವಚ್ಚಾನು, ಪೋಯಾನು, ಇಚ್ಚಾನು, ತಿನ್ನಾನು. ದಿನವೂ ರಾತ್ರಿ ಆ ದಿನ ನಡೆದದ್ದನ್ನು ನಾಲ್ಕೈದು ವಾಕ್ಯದಲ್ಲಿ ಕನ್ನಡ ಲಿಪಿಯಲ್ಲೇ ಬರೆದು, ಮರುದಿನ ಸಹೋದ್ಯೋಗಿಗೋ ಚಹಾ ಅಂಗಡಿಯವರಿಗೋ ಓದಿ ಹೇಳಿ. ಅವರು ತಿದ್ದಿದ ರೂಪವನ್ನು ಪಕ್ಕದಲ್ಲಿ ಬರೆದುಕೊಳ್ಳಿ. ತೆಲುಗು ಲಿಪಿ ಕನ್ನಡ ಲಿಪಿಯ ಒಡಹುಟ್ಟು, ಹಳೆಯ ಶಾಸನಗಳಲ್ಲಿ ಎರಡೂ ಒಂದೇ ಆಗಿದ್ದವು. ತಲೆಕಟ್ಟಿನ ವ್ಯತ್ಯಾಸ ಕಣ್ಣಿಗೆ ಒಗ್ಗಿದರೆ ಹಿಂದೂಪುರದ ಬಸ್ಸಿನ ಬೋರ್ಡು ಕೂಡ ಬೇಗ ಓದಲು ಬರುತ್ತದೆ. ಕ್ರಮವಾಗಿ ಕಲಿಯಬೇಕೆನ್ನುವ ಶಿಕ್ಷಕರಿಗೆ ಮೈಸೂರಿನಲ್ಲಿ ಭಾರತೀಯ ಭಾಷಾ ಸಂಸ್ಥಾನವಿದೆ. 1969ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರ ಅನ್ಯಭಾಷಿಕ ಶಿಕ್ಷಕರಿಗೆ ತೆಲುಗು ಸೇರಿದಂತೆ ದಕ್ಷಿಣದ ಭಾಷೆಗಳನ್ನು ಕಲಿಸುತ್ತ ಬಂದಿದೆ.

2011ರ ಜನಗಣತಿಯಂತೆ ಕರ್ನಾಟಕದ ನೂರು ಜನರಲ್ಲಿ ಸುಮಾರು ಆರು ಮಂದಿಯ ತಾಯ್ನುಡಿ ತೆಲುಗು. ಅವರು ಹೊರಗಿನವರಲ್ಲ, ಈ ನಾಡಿನವರೇ, ಕನ್ನಡ ಕಲಿತು ಕನ್ನಡದಲ್ಲಿ ವ್ಯವಹರಿಸುವವರು. ಅವರ ಮಕ್ಕಳಿಗೆ ಕನ್ನಡ ಚೆನ್ನಾಗಿ ಬರಬೇಕೆಂದು ಬಯಸುವ ಕನ್ನಡದ ಮೇಷ್ಟ್ರು ಅವರ ಭಾಷೆಯ ಒಂದು ಕ್ರಿಯಾಪದವನ್ನಾದರೂ ಪೂರ್ತಿ ಬಲ್ಲವರಾಗಿರಬೇಕು. ಶಿರಾದಿಂದಲೋ ಮಧುಗಿರಿಯಿಂದಲೋ ಕೊರಟಗೆರೆಯಿಂದಲೋ ಪಾವಗಡಕ್ಕೆ ವರ್ಗವಾದ ಆದೇಶ ಕೈಗೆ ಬಂದಿದ್ದರೆ, ಕರ್ತವ್ಯಕ್ಕೆ ಹಾಜರಾಗುವ ಮುನ್ನ ಮೇಲಿನ ಒಂಬತ್ತು ಸಾಲನ್ನು ಬಾಯಿಪಾಠ ಮಾಡಿಕೊಳ್ಳಿ, ಹೋದ ದಿನವೇ ಬಳಸಲು ತೊಡಗಿ.